ನನಗೆ ವರ್ಗವಾಯಿತಂತೆ

ಇಷ್ಟು ವರ್ಷ ಮಕ್ಕಳಿಗೆ ಕನ್ನಡ ಕಲಿಸಿಯೂ 'ಅಂತೆ' ಎಂಬ ಎರಡಕ್ಷರದ ತಾಕತ್ತು ನನಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಕಣ್ಣಾರೆ ಕಂಡಿದ್ದಕ್ಕೆ 'ಆಯಿತು' ಎನ್ನಿ, ಯಾರೋ ಹೇಳಿದ್ದಕ್ಕೆ 'ಆಯಿತಂತೆ' ಎನ್ನಿ ಎಂದು ಪಾಠ ಮುಗಿಸುತ್ತಿದ್ದೆ. ಹೇಳುವವನಿಗೆ ಹೊಣೆಯಿಲ್ಲ, ಕೇಳುವವನಿಗೆ ಅನುಮಾನವಿಲ್ಲ. ಇಂಥ ಅದ್ಭುತ ಬೇರೆ ಯಾವ ಪದದಲ್ಲಿದೆ?

ಕಳೆದ ಬೇಸಿಗೆಯಲ್ಲಿ ಮುಳಬಾಗಿಲಿನ ಬಸ್ ಸ್ಟ್ಯಾಂಡಿನ ಬಳಿ ಟೊಮೇಟೊ ಮಂಡಿಯ ನಾರಾಯಣಪ್ಪ ಎದುರಾದ. "ಏನ್ ಸಾರೂ, ರಾಯಲ್ಪಾಡಿಗೆ ಟ್ರಾನ್ಸ್‌ಫರ್ ಆಯ್ತಂತೆ?" ಅಂದ. "ನಂಗೇ ಗೊತ್ತಿಲ್ವಲ್ಲಪ್ಪ" ಎಂದು ನಕ್ಕೆ. "ನಿಮ್ಗೆ ಆಮೇಲೆ ಹೇಳ್ತಾರಂತೆ ಬಿಡಿ" ಎಂದು ಸಮಾಧಾನ ಮಾಡಿದ. ಸೊಪ್ಪು ಮಾರುವ ರತ್ನಮ್ಮ ತೆಲುಗಿನಲ್ಲಿ, "ಸೋಮವಾರಮೇ ಪೋತಾರಂಟ ಗದಾ", ಸೋಮವಾರವೇ ಹೋಗ್ತೀರಂತಲ್ಲ, ಎಂದಳು. ಭಾಷೆ ಬದಲಾದರೂ ನಮ್ಮ 'ಅಂತೆ' ಅವರ 'ಅಂಟ' ಆಗಿ ಬೆನ್ನು ಹತ್ತಿತ್ತು. ಹೊರಡುವ ದಿನವೂ ಗೊತ್ತಾಗಿಬಿಟ್ಟಿತ್ತು!

ಮನೆಗೆ ಬಂದರೆ ಹೆಂಡತಿ ಸುಶೀಲ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಸಾಲದ್ದಕ್ಕೆ, ಬಳೆ ವ್ಯಾಪಾರದ ಬಾಷಾ ಸಾಬರು, ಅಂದರೆ ನಮ್ಮ ಮನೆಯ ಮಾಲೀಕರು, ಬಾಡಿಗೆಗೆ ಕೇಳಿಬಂದ ಯಾರಿಗೋ ನಮ್ಮ ಅಡುಗೆಮನೆ ತೋರಿಸಿ ಹೋಗಿದ್ದರಂತೆ. "ನಿಜ ಹೇಳಿ, ನೀವೇ ಕೇಳಿ ಹಾಕಿಸ್ಕೊಂಡಿದೀರಂತೆ?" ಎಂದಳು. ಯಾರು ಹೇಳಿದ್ದು ಎಂದರೆ, "ಎಲ್ರೂ" ಎಂದಳು. ಎಲ್ಲರ ಮುಂದೆ ನಾನೊಬ್ಬ ಏನು ವಾದ ಮಾಡಲಿ? ಬೆಳಗಾಗುವಷ್ಟರಲ್ಲಿ ನಾನೂ ನಂಬಿ, ಪುಸ್ತಕಗಳನ್ನು ರಟ್ಟಿನ ಡಬ್ಬಕ್ಕೆ ತುಂಬತೊಡಗಿದ್ದೆ.

ಕೊನೆಗೆ ಕೋಲಾರದ ಶಿಕ್ಷಣ ಇಲಾಖೆಯ ಕಚೇರಿಗೇ ಹೋದೆ. ಗುಮಾಸ್ತೆ, "ಏನಾಗ್ಬೇಕಿತ್ತು ಸಾರ್?" ಎಂದರು. "ನನಗೆ ವರ್ಗ ಆಗಿದೆಯಂತೆ" ಎಂದೆ. ನನ್ನ ವಿಷಯವನ್ನು ನಾನೇ ಬೇರೆಯವರಿಂದ ಕೇಳಿದಂತೆ ಹೇಳಿದ್ದು ಕೇಳಿ ನನಗೇ ಬೆರಗಾಯಿತು. ಆಕೆ ಪಟ್ಟಿಯನ್ನು ಎರಡು ಸಲ ನೋಡಿ, "ನಿಮ್ಮ ಹೆಸರೇ ಇಲ್ವಲ್ಲ" ಎಂದರು.

ಊರಿಗೆ ಬಂದವನೇ ಸಿಕ್ಕಸಿಕ್ಕವರಿಗೆಲ್ಲ ವರ್ಗವಿಲ್ಲ ಎಂದು ಸಾರಿದೆ. ಬಾಷಾ ಸಾಬರು ಓಡಿಬಂದು, "ಮಾಫ್ ಮಾಡಿ ಮೇಷ್ಟ್ರೇ, ಅವರಿಗೆ ಬೇರೆ ಮನೆ ನೋಡ್ಕೊಳ್ಳಿ ಅಂದ್ಬಿಟ್ಟೆ" ಎಂದು ಕೈ ಹಿಡಿದುಕೊಂಡರು. ಸುಶೀಲ ಪಾಯಸ ಮಾಡಿದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬೈರಕೂರಿನ ಕಡೆಯ ಮೇಷ್ಟ್ರೊಬ್ಬರು ಮಾವಿನಹಣ್ಣಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಆಗಿದ್ದ ಟ್ರಾನ್ಸ್‌ಫರ್‌ನ ನೀವು ಒಂದೇ ದಿನದಲ್ಲಿ ನಿಲ್ಲಿಸಿದ್ರಂತೆ! ಮೇಲೆಲ್ಲ ನಿಮ್ಮೋರೇ ಅಂತೆ. ನಂದೂ ಒಂದು ಮಾತು ಹೇಳಿ ಸಾರೂ."

ಇಲ್ಲಪ್ಪ ಎನ್ನಲು ಬಾಯಿ ತೆರೆದೆ. ಆದರೆ ಅವರ ಕಣ್ಣಲ್ಲಿ ಎಂಥ ಭಕ್ತಿಯಿತ್ತು! ಯಾವ ವಿದ್ಯಾರ್ಥಿಯೂ ನನ್ನನ್ನು ಹಾಗೆ ನೋಡಿದ್ದಿಲ್ಲ. ಗಂಟಲು ಸರಿಮಾಡಿಕೊಂಡು, "ನೋಡೋಣ, ಅರ್ಜಿ ಬಿಟ್ಟು ಹೋಗಿ" ಎಂದೆ.