ಏಣಿ ಮೇಲಿಂದ ಕಂಡ ಏಸಿ ಮನೆಗಳು

ಸಂಜೆ ಮನೆಗೆ ಬಂದು ಏಣಿ ಗೋಡೆಗೆ ಒರಗಿಸುವ ಹೊತ್ತಿಗೆ ನನ್ನ ಹೆಂಡತಿ ಕೇಳುವುದು ಕಾಫಿ ಕೊಡಲಾ ಅಂತಲ್ಲ, “ಇವತ್ತೇನಾಯ್ತು?” ಅಂತ. ಏನೂ ಆಗಲಿಲ್ಲ ಅಂತ ಹೇಳಿದ ದಿನಗಳು ಕಮ್ಮಿ. ಮೊದಲು ನಾನು ವಿಜಯನಗರದಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡಿಕೊಂಡಿದ್ದವನು, ಈಗ ಏಸಿ ಕೆಲಸ. ಆಗ “ಬೆಂಗಳೂರಿಗೆ ಏಸಿ ಯಾಕ್ರೀ, ಕಿಟಕಿ ತೆಗೆದ್ರೆ ಸಾಕು” ಅನ್ನುತ್ತಿದ್ದ ಗಿರಾಕಿಗಳೇ ಈಗ ಏಪ್ರಿಲ್ ಬಂದರೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾರೆ. ಒಳಗೊಂದು ತಂಪು ಪೆಟ್ಟಿಗೆ, ಹೊರಗೊಂದು ಬಿಸಿ ಪೆಟ್ಟಿಗೆ, ನಡುವೆ ತಾಮ್ರದ ಪೈಪು. ಸ್ಪ್ಲಿಟ್ ಏಸಿ ಅಂದರೆ ಇಷ್ಟೇ. ಮೆಷಿನ್ನು ಬಹಳ ಸರಳ. ಅದನ್ನು ಹಾಕಿಸಿಕೊಳ್ಳುವವರು ಹಾಗಲ್ಲ.

ಮೂರು ಮೂಲೆ

ರಾಜಾಜಿನಗರದಲ್ಲಿ ಒಬ್ಬರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಬೆಡ್‌ರೂಮಿಗೆ ಏಸಿ ಹಾಕಿಸಬೇಕಿತ್ತು. ನಾನು ಏಣಿ ಹತ್ತಿ, ಪೈಪು ಹೊರಗೆ ಹೋಗಲು ಗೋಡೆಗೆ ತೂತು ಕೊರೆದು ಮುಗಿಸಿದ ಮೇಲೆ ಅವರಿಗೆ ನೆನಪಾಯಿತು. “ಅಯ್ಯೋ, ವಾಸ್ತುದವರನ್ನ ಕೇಳಲೇ ಇಲ್ಲ!”

ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ವಾಸ್ತು ಪಂಡಿತರ ದನಿ ಬಂತು. “ಹೊರಗಿನ ಪೆಟ್ಟಿಗೆ ಬಿಸಿ ಬಿಡುತ್ತಲ್ವಾ? ಬಿಸಿ ಅಂದ್ರೆ ಅಗ್ನಿ. ಆಗ್ನೇಯಕ್ಕೆ ಹಾಕ್ಸಿ.”

ಆಗ್ನೇಯದ ಗೋಡೆಗೆ ಎರಡನೇ ತೂತು ಕೊರೆದೆ. ಧೂಳು ಕೆಳಗಿಳಿಯುವ ಮುಂಚೆ ಪಂಡಿತರೇ ಮತ್ತೆ ಫೋನ್ ಮಾಡಿದರು. “ಯೋಚನೆ ಮಾಡ್ದೆ. ಒಳಗಿನ ಪೆಟ್ಟಿಗೆ ಗಾಳಿ ಬಿಡುತ್ತೆ. ಗಾಳಿ ಅಂದ್ರೆ ವಾಯವ್ಯ.”

“ಸಾರ್,” ಅಂದೆ ಮ್ಯಾನೇಜರಿಗೆ, “ಆಗ್ನೇಯಕ್ಕೊಂದು, ವಾಯವ್ಯಕ್ಕೊಂದು ಅಂದ್ರೆ ನಡುವೆ ಇಡೀ ಮನೆ ಇದೆ. ಪೈಪು ಅಡಿಗೆಮನೆ, ಹಾಲು, ದೇವರಮನೆ ಎಲ್ಲಾ ಸುತ್ತಿ ಬರ್ಬೇಕು. ತಂಪು ದಾರೀಲೇ ಮುಗಿದೋಗುತ್ತೆ.”

“ನೀರೂ ತೊಟ್ಟಿಕ್ಕುತ್ತಾ ಅದ್ರಲ್ಲಿ?” ಫೋನಿನೊಳಗಿಂದ ಪಂಡಿತರು ಕೇಳಿದರು.

ನಾನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ನೀರು ಅಂದ್ರೆ ಈಶಾನ್ಯವಂತೆ, ಅಲ್ಲಿಗೆ ಮೂರನೇ ತೂತು ಬಿತ್ತು.

ಮೂರು ತೂತಿನಿಂದ ಬೀದಿ ಕಾಣಿಸುವ ಗೋಡೆಗಳನ್ನು ನೋಡಿ ಮ್ಯಾನೇಜರ್ ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. ನನಗೂ ತಾಳ್ಮೆ ಮುಗಿಯಿತು. ಫೋನಿನ ಹತ್ತಿರ ಬಾಗಿ, “ಸ್ವಾಮಿ, ನಿಮ್ಮನೇಲಿ ಏಸಿ ಎಲ್ಲಿ ಹಾಕ್ಸಿದೀರಿ?” ಅಂತ ಕೇಳಿದೆ.

“ನಮ್ಮದು ಬಾಡಿಗೆ ಮನೆ ಕಣಪ್ಪಾ,” ಅಂದರು ಪಂಡಿತರು. “ಓನರ್ ಎಲ್ಲಿ ತೂತು ಕೊರೆಯೋಕೆ ಬಿಡ್ತಾನೋ ನಮಗೆ ಅದೇ ಶುಭ ದಿಕ್ಕು.”

ಹತ್ತಕ್ಕೆ ಆರು

ನಂದಿನಿ ಲೇಔಟಿನ ಒಬ್ಬ ನಿವೃತ್ತ ಹೆಡ್‌ಮಿಸ್ ಫೋನ್ ಮಾಡಿ, “ಏಸಿಯಿಂದ ವಾಸನೆ ಬರ್ತಾ ಇದೆ, ಬಂದು ನೋಡಿ” ಅಂದರು. ಮುಚ್ಚಳ ತೆಗೆದು ಫಿಲ್ಟರ್ ಈಚೆಗೆಳೆದೆ. ಅದು ಫಿಲ್ಟರ್ ಥರ ಇರಲಿಲ್ಲ, ಕಂಬಳಿ ಥರ ಇತ್ತು.

“ಇದನ್ನ ಹದಿನೈದು ದಿನಕ್ಕೊಂದ್ಸಲ ನಲ್ಲಿ ಕೆಳಗೆ ಹಿಡಿದು ತೊಳೀಬೇಕು ಮೇಡಂ. ಯಾವಾಗ ತೊಳೆದಿದ್ದು?”

ಮೇಡಂ ಗಂಡನ ಕಡೆ ನೋಡಿದರು. ಗಂಡ ಕಿಟಕಿಯ ಕಡೆ ನೋಡಿದರು. ನಾನು ತೊಳೆದು, ಒಣಗಿಸಿ, ಹಾಕಿ, ಸರ್ವಿಸ್ ರಿಪೋರ್ಟ್ ಬರೆದು ಸಹಿಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಡ್ರಾಯರಿನಿಂದ ಕೆಂಪು ಪೆನ್ನು ತೆಗೆದರು. ‘ಕಂಪ್ರೆಸರ್’ ಅನ್ನುವುದರಲ್ಲಿ ಒತ್ತು ಬಿಟ್ಟು ಹೋಗಿತ್ತು, ಸರಿ ಮಾಡಿದರು. ‘ಸ್ವಚ್ಚ’ ಅಂತ ಬರೆದಿದ್ದೆ, ಅದಕ್ಕೊಂದು ಸೊನ್ನೆ ಸುತ್ತಿ ‘ಸ್ವಚ್ಛ’ ಅಂತ ಪಕ್ಕದಲ್ಲಿ ಬರೆದರು. ಕೊನೆಗೆ ಮೂಲೆಯಲ್ಲಿ ಹತ್ತಕ್ಕೆ ಆರು ಹಾಕಿದರು.

“ಮೇಡಂ, ಕೆಲಸ ಚೆನ್ನಾಗೇ ಮಾಡಿದೀನಲ್ಲಾ?”

“ಕೆಲಸಕ್ಕೆ ಪೂರ್ತಿ ಕೊಟ್ಟಿದೀನಿ. ಮೂರು ಮಾರ್ಕು ಅಕ್ಷರಕ್ಕೆ ಹೋಯ್ತು, ಒಂದು ಗೋಡೆ ಮೇಲಿನ ಬೆರಳಚ್ಚಿಗೆ.”

ನಾನು ಗೋಡೆ ಒರೆಸುತ್ತಿದ್ದಾಗ ಯಜಮಾನರು ಹತ್ತಿರ ಬಂದು ಪಿಸುಗುಟ್ಟಿದರು. “ಆರು ಬಂದಿದೆ, ಸುಮ್ನೆ ತಗೊಂಡು ಹೋಗಿ ಸಾರ್. ಮೂವತ್ತೆಂಟು ವರ್ಷದಿಂದ ನಾನಿನ್ನೂ ಪಾಸಾಗಿಲ್ಲ.”

ಅಮ್ಮನಿಗೋಸ್ಕರ

ಬಸವೇಶ್ವರನಗರದ ಒಂದು ಮನೆಗೆ ಮೇ ತಿಂಗಳಲ್ಲಿ ಸರ್ವಿಸಿಗೆ ಹೋದೆ. ಹೊರಗೆ ಡಾಂಬರು ಕರಗುವ ಬಿಸಿಲು. ಬಾಗಿಲು ತೆಗೆದ ಮಗ ಸ್ವೆಟರ್ ಹಾಕಿಕೊಂಡಿದ್ದ. ಒಳಗೆ ಸೋಫಾ ಮೇಲೆ ಎಪ್ಪತ್ತೈದು ದಾಟಿದ ತಾಯಿ, ತಲೆಗೆ ಮಫ್ಲರು, ಕಾಲಿಗೆ ಕಾಲುಚೀಲ, ಮೈಮೇಲೆ ರಗ್ಗು. ಏಸಿ ಹದಿನೆಂಟರಲ್ಲಿ ಓಡುತ್ತಿತ್ತು.

ಮಗ ಒಳಗೆ ಹೋದಾಗ ಅಜ್ಜಿಯನ್ನು ಕೇಳಿದೆ. “ಅಮ್ಮಾ, ಚಳಿ ಆದ್ರೆ ಆಫ್ ಮಾಡ್ಬಹುದಲ್ವಾ?”

“ಶ್! ನನಗೆ ಸೆಕೆ ಆಗುತ್ತೆ ಅಂತ ಆಸೆಪಟ್ಟು ಹಾಕ್ಸಿದಾನಪ್ಪಾ. ಬೇಡ ಅಂದ್ರೆ ನೊಂದ್ಕೋತಾನೆ.”

ಹೊರಗಿನ ಪೆಟ್ಟಿಗೆ ತೊಳೆಯಲು ಬಾಲ್ಕನಿಗೆ ಹೋದೆ. ಮಗ ಅಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದ. “ಅಣ್ಣಾ, ನನ್ನ ಕೈಲಿ ಆಗ್ತಾ ಇಲ್ಲ. ಮೂಗು ಕಟ್ಟಿ ವಾರ ಆಯ್ತು. ಆದ್ರೆ ಅಮ್ಮಂಗೆ ಇಷ್ಟ, ಹೆಂಗೆ ನಿಲ್ಸೋದು?”

ಇಬ್ಬರಿಗೂ ನಿಜ ಹೇಳೋಣ ಅಂತ ಬಾಯಿ ತೆಗೆದೆ. ಆದರೆ ಒಬ್ಬರಿಗೊಬ್ಬರು ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಕೆಡವಲು ಮನಸ್ಸು ಬರಲಿಲ್ಲ. ಸರ್ವಿಸ್ ಮುಗಿಸಿ, ಯಾರಿಗೂ ಹೇಳದೆ ರಿಮೋಟಿನಲ್ಲಿ ಇಪ್ಪತ್ತೆಂಟಕ್ಕಿಟ್ಟು, ‘ಈಗ ಒಂದು ತಿಂಗಳು ರಿಮೋಟ್ ಮುಟ್ಟಬೇಡಿ, ಮೆಷಿನ್ನು ಸೆಟ್ ಆಗಬೇಕು’ ಅಂತ ಹೇಳಿ ಹೊರಟೆ.

ಮಾರನೇ ದಿನ ಮಗನ ಫೋನು. “ಅಣ್ಣಾ, ಏನ್ ಸರ್ವಿಸ್ ಮಾಡಿದೀರಿ! ಕೂಲಿಂಗ್ ಎಷ್ಟು ಜೋರಾಗಿದೆ ಅಂದ್ರೆ, ಅಮ್ಮ ಖುಷಿಯಿಂದ ರಗ್ಗು ಕಿತ್ತು ಬಿಸಾಕಿದ್ರು.”

ನೀರಿನ ಹಕ್ಕು

ಕೆಂಗೇರಿ ಉಪನಗರದಲ್ಲಿ ಅಕ್ಕಪಕ್ಕದ ಎರಡು ಮನೆ. ಮೊದಲನೇ ಮನೆಯ ಏಸಿ ನೀರು ಎರಡನೇ ಮನೆಯ ಕಾಂಪೌಂಡಿನೊಳಗೆ ತೊಟ್ಟಿಕ್ಕುತ್ತಿತ್ತು. ಎರಡು ವರ್ಷ ಜಗಳವಾಡಿ, ಮಾತು ಬಿಟ್ಟು, ಸಂಕ್ರಾಂತಿಗೆ ಎಳ್ಳು ಬೀರುವುದನ್ನೂ ನಿಲ್ಲಿಸಿದ್ದರು. ಕೊನೆಗೆ ಏಸಿ ಮನೆಯ ಆಂಟಿ ನನ್ನನ್ನು ಕರೆಸಿದರು. ನಾನು ಪೈಪು ತಿರುಗಿಸಿ ಅವರದೇ ಬಾತ್‌ರೂಮಿನ ಮೋರಿಗೆ ಬಿಟ್ಟೆ. ಶಾಂತಿ ಸ್ಥಾಪಿಸಿದೆ ಅಂತ ಹೆಮ್ಮೆಯಿಂದ ಮನೆಗೆ ಹೋದೆ.

ವಾರ ಕಳೆಯಲಿಲ್ಲ, ಪಕ್ಕದ ಮನೆಯವರೇ ಫೋನ್ ಮಾಡಿದರು. “ಏನ್ರೀ, ನಮ್ಮ ನೀರು ನಿಲ್ಲಿಸಿದವರು ನೀವೇನಾ?”

ಹೋಗಿ ನೋಡಿದರೆ ನೀರು ಬೀಳುತ್ತಿದ್ದ ಜಾಗದಲ್ಲಿ ಆಳೆತ್ತರದ ಕರಿಬೇವಿನ ಗಿಡ. ಬೋರು ಬತ್ತಿತ್ತು, ಟ್ಯಾಂಕರ್ ನೀರು ಗಿಡಕ್ಕೆ ಹಾಕುವ ಹಾಗಿರಲಿಲ್ಲ. ಆಂಟಿ ಮಹಡಿಯಿಂದಲೇ ಕೂಗಿದರು. “ಅವತ್ತು ಬೇಡ ಅಂದ್ರಲ್ಲಾ? ಈಗ ಒಂದು ಹನೀನೂ ಬಿಡಲ್ಲ!”

ವಿಷಯ ಬಡಾವಣೆ ಸಂಘದ ಅಧ್ಯಕ್ಷರ ತನಕ ಹೋಯಿತು. ಅವರು ಸ್ಥಳ ಪರಿಶೀಲನೆ ಮಾಡಿ, ಬೊಗಸೆಯೊಡ್ಡಿ ಹನಿ ಎಣಿಸಿ, ತೀರ್ಪು ಕೊಟ್ಟರು: ಪೈಪು ಮತ್ತೆ ತಿರುಗಿಸತಕ್ಕದ್ದು. ನೀರು ಪಕ್ಕದವರಿಗೆ, ಕರಿಬೇವಿನಲ್ಲಿ ಅರ್ಧ ಆಂಟಿಗೆ. ನಾನು ಮತ್ತೆ ಏಣಿ ಹಾಕಿದೆ.

ಡಿಸೆಂಬರಿನಲ್ಲಿ ಆ ರಸ್ತೆಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಪಕ್ಕದ ಮನೆಯವರು ಕಾಂಪೌಂಡಿನಿಂದ ಕೂಗುತ್ತಿದ್ದರು. “ಏನ್ರೀ, ಹತ್ತು ದಿನದಿಂದ ಏಸಿನೇ ಹಾಕಿಲ್ಲ! ಗಿಡ ಬಾಡ್ತಾ ಇದೆ!”

“ಈ ಚಳೀಲಿ ಏಸಿ ಹಾಕ್ಬೇಕೇನ್ರೀ?”

“ಒಪ್ಪಂದ ಅಂದ್ಮೇಲೆ ಒಪ್ಪಂದ. ತಿನ್ನೋವಾಗ ಕರಿಬೇವು ಬೇಕು, ನಡುಗೋದು ಬೇಡ್ವಾ?”

ಉದ್ಘಾಟನೆ

ಕುರುಬರಹಳ್ಳಿ ಕಡೆ ಒಂದು ಸಂಘ. ಅದರ ಮೀಟಿಂಗ್ ಹಾಲಿಗೆ ಏಸಿ ಬಂತು. ಅಂದರೆ, ಅರ್ಧ ಬಂತು. ಒಳಗಿನ ಪೆಟ್ಟಿಗೆ ಬಂದಿತ್ತು, ಹೊರಗಿನ ಪೆಟ್ಟಿಗೆ ಗೋಡೌನಿನಲ್ಲೇ ಉಳಿದಿತ್ತು. ನಾನು ಬಂದಷ್ಟನ್ನು ಗೋಡೆಗೆ ತಗುಲಿಸಿ, ಇಳಿಯುವಷ್ಟರಲ್ಲಿ ಕಾರ್ಯದರ್ಶಿ ಓಡಿ ಬಂದರು.

“ನಾಳೆ ಬೆಳಿಗ್ಗೆ ಹತ್ತೂವರೆಗೆ ಲೀಡರ್ ಸಾಹೇಬರು ಉದ್ಘಾಟನೆ ಮಾಡ್ತಾರೆ.”

“ಸಾರ್, ತಂಪು ಮಾಡೋ ಕಂಪ್ರೆಸರ್ ಇರೋದೇ ಹೊರಗಿನ ಪೆಟ್ಟಿಗೇಲಿ. ಅದಿಲ್ದೆ ಇದು ಬರೀ ಫ್ಯಾನು.”

“ಗಾಳಿ ಬರುತ್ತಾ?”

“ಬರುತ್ತೆ. ಆದ್ರೆ ರೂಮಿನ ಬಿಸಿ ಗಾಳೀನೇ.”

“ಗಾಳಿ ಬಂದ್ರೆ ಸಾಕು. ಫ್ಲೆಕ್ಸ್ ಹಾಕ್ಸಾಗಿದೆ.”

ಮಾರನೇ ದಿನ ನಾನು ಹಾಲಿನ ಹಿಂದಿನ ಸಾಲಿನಲ್ಲಿ ಕೂತೆ. ಏನಾದರೂ ಎಡವಟ್ಟಾದರೆ ಸಿಕ್ಕಿಬೀಳುವವನು ನಾನೇ ತಾನೆ. ಕಿಟಕಿ, ಬಾಗಿಲು ಎಲ್ಲಾ ಮುಚ್ಚಿದ್ದರು, ತಂಪು ಆಚೆ ಹೋಗಬಾರದು ಅಂತ. ಸೀಲಿಂಗ್ ಫ್ಯಾನುಗಳನ್ನು ನಿಲ್ಲಿಸಿದ್ದರು, ಏಸಿಗೆ ಅವಮಾನ ಆಗಬಾರದು ಅಂತ. ಬೆಳ್ಳಿ ತಟ್ಟೆಯಲ್ಲಿ, ಸೇವಂತಿಗೆ ನಡುವೆ, ಕುಂಕುಮ ಹಚ್ಚಿದ ರಿಮೋಟು. ಲೀಡರು ಎರಡೂ ಕೈಯಲ್ಲಿ ಹಿಡಿದು ಬಟನ್ ಒತ್ತಿದರು. ಕೀಂ ಅಂತ ಸದ್ದಾಯಿತು, ಮುಚ್ಚಳ ಮೆಲ್ಲಗೆ ತೆರೆಯಿತು, ಗಾಳಿ ಬಂತು. ಚಪ್ಪಾಳೆ.

ಲೀಡರು ಮುಖ ಮೇಲೆತ್ತಿ ಕಣ್ಣು ಮುಚ್ಚಿದರು. ಆಮೇಲೆ ಅವರು, “ಆಹಾ… ಊಟಿ!” ಅಂದರು.

ಅಷ್ಟೇ ಸಾಕಾಯಿತು. ಕಾರ್ಯದರ್ಶಿ ಕೈ ಉಜ್ಜಿಕೊಂಡರು. ಖಜಾಂಚಿ ಒಂದು ಸಲ ಸೀನಿದರು. ಸನ್ಮಾನಕ್ಕೆ ತಂದಿದ್ದ ಶಾಲನ್ನು ಲೀಡರಿಗೆ ಗಟ್ಟಿಯಾಗಿ ಸುತ್ತಿದರು. ಮುಕ್ಕಾಲು ಗಂಟೆ ಭಾಷಣ ನಡೆಯಿತು. ಲೀಡರ ಕೆನ್ನೆ ಮೇಲೆ ಬೆವರು ಹರಿಯುತ್ತಿತ್ತು. “ಜನರ ಪ್ರೀತಿ ನೋಡಿ ಕಣ್ಣೀರು ಬರ್ತಾ ಇದೆ” ಅಂದರು. ಜನರಿಗೂ ಎಲ್ಲಾ ಕಡೆಯಿಂದ ಕಣ್ಣೀರು ಬರುತ್ತಿತ್ತು, ಕಂಕುಳೂ ಸೇರಿ. ಹೋಗುವಾಗ ಲೀಡರು ನನ್ನ ಭುಜ ತಟ್ಟಿ, “ಸ್ವಲ್ಪ ಕಮ್ಮಿ ಇಡಪ್ಪಾ, ವಯಸ್ಸಾದೋರಿರ್ತಾರೆ” ಅಂದರು.

ಎರಡು ವಾರದ ಮೇಲೆ ಹೊರಗಿನ ಪೆಟ್ಟಿಗೆ ಬಂತು. ಜೋಡಿಸಿ, ಗ್ಯಾಸು ಪರೀಕ್ಷೆ ಮಾಡಿ, ಥರ್ಮಾಮೀಟರ್ ಹಿಡಿದು ನೋಡಿದೆ. ಮಂಜಿನಂಥ ಗಾಳಿ. ಆ ಹಾಲಿಗೆ ಮೊದಲ ಸಲ ನಿಜವಾಗಿಯೂ ತಂಪು ಬಂದಿತ್ತು. ಸಮಾಧಾನದಿಂದ ಮನೆಗೆ ಹೋದೆ.

ಸೋಮವಾರ ಕಾರ್ಯದರ್ಶಿಯ ಫೋನು. ದನಿಯಲ್ಲಿ ಸಿಟ್ಟು. “ಏನ್ರೀ ಮಾಡಿಟ್ಟು ಹೋದ್ರಿ? ನಿನ್ನೆ ಸಾಹೇಬರು ಮೀಟಿಂಗಿಗೆ ಬಂದು ಕೂತು ಬೇಜಾರು ಮಾಡ್ಕೊಂಡ್ರು. ಅವರು ಉದ್ಘಾಟನೆ ಮಾಡಿದ ದಿನ ಇದ್ದ ಕೂಲಿಂಗ್ ಇಲ್ವಂತೆ. ಆ ಹೊಸ ಪೆಟ್ಟಿಗೆ ಬಿಚ್ಕೊಂಡು ಹೋಗಿ!”