ಹೊಟ್ಟೆ ತುಂಬ ರುಚಿ ನೋಡುವ ಕೆಲಸ

ಉಳಿದ ಊಟವನ್ನು ಹಸಿದವರಿಗೆ ಮುಟ್ಟಿಸುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ ಎಂದು ನಂಬಿ ಈ ಉಸಾಬರಿಗೆ ಇಳಿದವನು ನಾನು. ಇಳಿದ ದಿನದಿಂದ ಒಂದಲ್ಲ ಒಂದು ಪೇಚು ಬೆನ್ನು ಬಿಟ್ಟಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟ್ರಾಗಿ ಸೀಟಿ ಊದಿದವನಿಗೆ, ಕರೆದರೆ ಜನ ಓಡಿ ಬಂದು ಸಾಲಾಗಿ ನಿಲ್ಲುತ್ತಾರೆ ಎಂಬ ಭ್ರಮೆ ನಿವೃತ್ತಿಯಾದ ಮೇಲೂ ಹೋಗುವುದಿಲ್ಲ. ನನ್ನ ಅಣ್ಣ ದೇವಸ್ಥಾನದಲ್ಲಿ ಅರ್ಚಕ. ಅವನೆದುರು ಜನ ತಾವಾಗಿಯೇ ಸಾಲು ನಿಂತು ಪ್ರಸಾದ ತೆಗೆದುಕೊಳ್ಳುತ್ತಾರೆ. ನಾನು ಊಟ ಹಿಡಿದುಕೊಂಡು ಹೋದರೆ ಬಾಗಿಲು ಹಾಕಿಕೊಳ್ಳುತ್ತಾರೆ.

೧. ಹಾಜಿಯವರ ಫ್ರಿಜ್

ಕೊಟ್ಟಾರದಲ್ಲಿ ನಮ್ಮ ಮನೆಗೆ ಹತ್ತಿರವೇ ಹಾಜಿಯವರ ಜವಳಿ ಅಂಗಡಿ. ಗಲ್ಫಿನಲ್ಲಿ ಬಹಳ ವರ್ಷ ದುಡಿದು ಬಂದವರು. ಅಲ್ಲಿ ರಸ್ತೆ ಬದಿಯಲ್ಲಿ ಫ್ರಿಜ್ ಇಡುತ್ತಾರಂತೆ, ಇದ್ದವರು ತಂದು ಇಡುತ್ತಾರಂತೆ, ಬೇಕಾದವರು ತೆಗೆಯುತ್ತಾರಂತೆ, ಯಾರೂ ಯಾರನ್ನೂ ಕೇಳುವುದಿಲ್ಲವಂತೆ. ನಮ್ಮ ಊರಿನಲ್ಲಿ ಯಾಕಾಗಬಾರದು ಎಂದು ಅಂಗಡಿಯ ಜಗಲಿಯಲ್ಲಿ ಒಂದು ಫ್ರಿಜ್ ಇಟ್ಟೇಬಿಟ್ಟರು. ಬೋರ್ಡು ಬರೆದದ್ದು ನಾನು: ‘ಇದ್ದವರು ಇಡಿ, ಬೇಕಾದವರು ತೆಗೆದುಕೊಳ್ಳಿ.’

ಮೊದಲ ದಿನವೇ ತಕರಾರು. ಮೀನು ಸಾರು ಇಟ್ಟ ಮೇಲೆ ಅದರ ಪಕ್ಕದಲ್ಲಿ ನಮ್ಮ ಅಕ್ಕಿ ಸೇಮಿಗೆ ಇಡುವುದು ಹೇಗೆ ಎಂದು ಒಬ್ಬರು ಕೇಳಿದರು. ಅರ್ಚಕರ ಮನೆಯವನಾದ್ದರಿಂದ ತೀರ್ಪು ನನ್ನ ತಲೆಗೆ ಬಂತು. ಮೇಲಿನ ಅಂತಸ್ತು ಸಸ್ಯಾಹಾರಕ್ಕೆ, ಕೆಳಗಿನದು ಮೀನು ಮಾಂಸಕ್ಕೆ ಎಂದೆ. ಹಾಗಾದರೆ ಮೊಟ್ಟೆ ಎಲ್ಲಿ ಎಂದರು. ಅರ್ಧ ಗಂಟೆ ಚರ್ಚೆಯಾಗಿ ಮೊಟ್ಟೆಗೆ ಬಾಗಿಲಿನಲ್ಲಿ ಜಾಗ ಸಿಕ್ಕಿತು. ಫ್ರಿಜ್ ಮಾಡಿದ ಕಂಪನಿಯವರು ಮೊದಲೇ ಅಲ್ಲಿ ಆರು ಗುಳಿ ಮಾಡಿ ಇಟ್ಟದ್ದನ್ನು ನಾವು ಯಾರೂ ನೋಡಿರಲಿಲ್ಲ.

ವಾರ ಕಳೆಯಿತು. ಇಡುವವರು ಇಟ್ಟರು, ತೆಗೆಯುವವರು ಒಬ್ಬರೂ ಬರಲಿಲ್ಲ. ನಡುರಸ್ತೆಯಲ್ಲಿ ನಾಲ್ಕು ಜನರೆದುರು ಫ್ರಿಜ್ಜಿನ ಬಾಗಿಲು ತೆಗೆದು ‘ನನಗೆ ಬೇಕು’ ಎಂದು ತೋರಿಸಿಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ಅದು ನಮಗೆ ಹೊಳೆಯಲಿಲ್ಲ. ಹಿಂದಿನ ಫ್ಲ್ಯಾಟಿನ ಹೆಂಗಸೊಬ್ಬರು ಮಾತ್ರ ಮೂಲೆಯಲ್ಲಿ ಉಳಿದ ಖಾಲಿ ಜಾಗ ಯಾಕೆ ದಂಡ ಎಂದು, ಸಂಜೆ ಮದುವೆಗೆ ಮುಡಿಯಲು ತಂದ ಮಲ್ಲಿಗೆಯನ್ನು ತಂಪಿಗೆಂದು ಅದರೊಳಗೆ ಇಟ್ಟು ಹೋದರು. ಸಂಜೆ ಬಂದು ನೋಡಿದರೆ ಮಲ್ಲಿಗೆ ಇಲ್ಲ. ಅವರು ಹಾಜಿಯವರ ಮೇಲೆ ಹಾರಾಡುತ್ತಿದ್ದಾಗ ಎದುರಿನ ಸ್ಟಾಪಿನಲ್ಲಿ ಮಲ್ಲಿಗೆ ಮುಡಿದ ಒಬ್ಬಳು ನೆಮ್ಮದಿಯಾಗಿ ಸುರತ್ಕಲ್ ಬಸ್ಸು ಹತ್ತುತ್ತಿದ್ದಳು. ಅದು ನಮ್ಮ ಫ್ರಿಜ್ಜಿನಿಂದ ಬೇಕಾದವರು ತೆಗೆದುಕೊಂಡ ಮೊದಲ ವಸ್ತು.

೨. ಹತ್ತು ಪೊಟ್ಟಣ

ಜನ ಬರದಿದ್ದರೆ ನಾವೇ ಹೋಗುವ ಎಂದೆ. ಕದ್ರಿ ಕಡೆಯ ಒಂದು ಹೋಟೆಲಿನ ಯಜಮಾನರು ನನ್ನ ಹಳೆಯ ಪರಿಚಯ. ಮಧ್ಯಾಹ್ನದ ಊಟದಲ್ಲಿ ಉಳಿದದ್ದನ್ನು ಬಿಸಿ ಆರುವ ಮೊದಲೇ ಕಟ್ಟಿಕೊಡಲು ಒಪ್ಪಿದರು. ಹತ್ತು ಪೊಟ್ಟಣ ಸ್ಕೂಟರಿಗೆ ತೂಗುಹಾಕಿಕೊಂಡು ಬಿಕರ್ನಕಟ್ಟೆಯ ಒಳಗಿನ ಒಂದು ಓಣಿಗೆ ಹೋದೆ. ಬೀಡಿ ಕಟ್ಟುವವರು, ಕೂಲಿಯವರು, ಒಂಟಿ ಮುದುಕರು ಇರುವ ಸಾಲುಮನೆಗಳು.

ನಮ್ಮಲ್ಲಿ ಎದುರು ಸಿಕ್ಕಿದವರನ್ನು ಮೊದಲು ಕೇಳುವುದೇ “ವಣಸ್ ಆಂಡಾ?” ಎಂದು. ಊಟ ಆಯ್ತಾ ಎಂಬ ಆ ಪ್ರಶ್ನೆಗೆ ಹುಟ್ಟಿದಂದಿನಿಂದ ಕಲಿತ ಉತ್ತರ ಒಂದೇ, ಆಯ್ತು. ಊಟ ಆಗಿರಲಿ, ಬಿಡಲಿ. ನಾನು ಬುದ್ಧಿಗೇಡಿ, ಪ್ರತಿ ಬಾಗಿಲಿನಲ್ಲೂ ಅದನ್ನೇ ಕೇಳಿದೆ. ಹತ್ತು ಬಾಗಿಲಿನಲ್ಲೂ ಊಟ ಆಗಿತ್ತು. ಒಂದು ಮನೆಯಲ್ಲಿ ಒಲೆ ಹೊತ್ತಿಸಿದ ಗುರುತೇ ಇರಲಿಲ್ಲ, ಅಲ್ಲಿಯೂ ಆಗಿತ್ತು. ಕೊನೆಯ ಮನೆಯ ಮುದುಕ, ಮಾಸ್ಟ್ರು ಬಿಸಿಲಿನಲ್ಲಿ ಬಂದಿದ್ದಾರೆ ಎಂದು ಬೆಲ್ಲ ನೀರು ಕೊಟ್ಟು, ಹೋಗುವಾಗ ಒಂದು ಪೊಟ್ಟಣ ಹಲಸಿನ ಹಪ್ಪಳವನ್ನೂ ಕೈಗಿಟ್ಟ. ಹತ್ತು ಪೊಟ್ಟಣ ಹಂಚಲು ಹೋದವನು ಹನ್ನೊಂದು ಹಿಡಿದುಕೊಂಡು ಮನೆಗೆ ಬಂದೆ.

೩. ದೊಡ್ಡಮ್ಮನ ಹೆಬ್ಬೆರಳು

ಆ ಓಣಿಯ ಒಬ್ಬ ಮುದುಕಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಐವತ್ತು ವರ್ಷ ಬೀಡಿ ಕಟ್ಟಿದ ಕೈ. ಎಲೆ ಸುತ್ತಿ ಸುತ್ತಿ ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿ, ರೇಷನ್ ಅಂಗಡಿಯ ಯಂತ್ರ ಆಕೆಯ ಹೆಬ್ಬೆಟ್ಟು ಗುರುತು ಹಿಡಿಯುವುದಿಲ್ಲ. ಒಂದು ದಿನ ನಾನೂ ಜೊತೆಗೆ ಹೋದೆ.

ಸಾಲಿನಲ್ಲಿ ನಿಂತ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಮದ್ದು ಇತ್ತು. ಸಾಬೂನು ಹಾಕಿ ತೊಳೆಯಿರಿ ಎಂದರು, ತೊಳೆದಾಯಿತು. ಲಿಂಬೆಹಣ್ಣು ಉಜ್ಜಿ ಎಂದರು, ಉಜ್ಜಿದ್ದಾಯಿತು. ತೆಂಗಿನೆಣ್ಣೆ ಹಚ್ಚಿದ ಮೇಲಂತೂ ಬೆರಳು ಯಂತ್ರದ ಮೇಲೆ ನಿಲ್ಲಲೇ ಇಲ್ಲ, ಜಾರಿ ಹೋಯಿತು. ಕೊನೆಗೆ ಅಂಗಡಿಯವರು, ಫೋನಿಗೆ ಒಂದು ನಂಬರು ಬರುತ್ತದೆ, ಅದನ್ನು ಹೇಳಿದರೂ ಆಗುತ್ತದೆ ಎಂದರು. ಕಾರ್ಡಿಗೆ ಜೋಡಿಸಿದ ಫೋನು ಕುವೈಟಿನಲ್ಲಿರುವ, ಆಕೆಯ ತಂಗಿಯ ಮಗನದ್ದು. ಫೋನು ಮಾಡಿದೆವು. ನಂಬರು ಬಂದಿದೆ ಎಂದ. ಎಷ್ಟು ಎಂದು ಕೇಳಿದರೆ ಹೇಳಲೊಲ್ಲ.

“ದೊಡ್ಡಮ್ಮ, ಇದನ್ನು ಯಾರಿಗೂ ಹೇಳಬಾರದು ಅಂತ ಇದರಲ್ಲೇ ಬರೆದುಂಟು. ಈಗ ಮೋಸದವರು ತುಂಬಾ ಉಂಟು. ನಿಮ್ಮ ಹತ್ತಿರ ಯಾರೋ ಗಂಡಸಿನ ಸ್ವರ ಕೇಳ್ತದೆ, ಜಾಗ್ರತೆ.”

ಆ ಗಂಡಸು ನಾನು. ನಾನು ಯಾರು ಎಂದು ಅವನಿಗೆ ವಿವರಿಸಿ ಮುಗಿಸುವಷ್ಟರಲ್ಲಿ ನಂಬರಿನ ಹೊತ್ತು ಮುಗಿದಿತ್ತು, ಅಂಗಡಿಯ ನೆಟ್‌ವರ್ಕೂ ಮಲಗಿತ್ತು. ದೊಡ್ಡಮ್ಮ ಖಾಲಿ ಚೀಲ ಮಡಚಿಕೊಂಡು, ಹುಡುಗ ಬುದ್ಧಿವಂತನಾಗಿದ್ದಾನೆ ಎಂದು ದಾರಿಯುದ್ದಕ್ಕೂ ಹೊಗಳಿದಳು.

ನಕ್ಕೆವು, ನಿಜ. ಆದರೆ ಆಕೆಯನ್ನು ಮನೆಗೆ ಬಿಟ್ಟಾಗ ಅಕ್ಕಿಯ ಡಬ್ಬ ಕಣ್ಣಿಗೆ ಬಿತ್ತು. ಮುಚ್ಚಳ ತೆಗೆದಿತ್ತು, ಒಳಗೆ ಅಕ್ಕಿ ಅಳೆಯುವ ಪಾವು ಮಾತ್ರ ಇತ್ತು. ಊಟಕ್ಕೆ ಎಂತ ಮಾಡ್ತೀರಿ ಎಂದು ಕೇಳಿದರೆ, ಬೆಳಿಗ್ಗೆಯೇ ಆಯ್ತಲ್ಲ ಎಂದಳು. ಕಣ್ಣು ಮಂಜಾಗಿ ಬೀಡಿ ಕಟ್ಟುವುದು ಬಿಟ್ಟು ಎರಡು ವರ್ಷವಾಗಿತ್ತು. ನಾನು ಮನೆಗೆ ಊಟಕ್ಕೆ ಹೋಗದೆ ನೇರ ಹಾಜಿಯವರ ಅಂಗಡಿಗೆ ಸ್ಕೂಟರ್ ತಿರುಗಿಸಿದೆ.

೪. ನೇಮಕಾತಿ

ಹಾಜಿಯವರಿಗೆ ಹೇಳಿದೆ. ಅವರು ಸೀರೆ ಮಡಚುತ್ತಾ ಕೇಳಿ, “ಹಸಿವು ಉಂಟಾ ಎಂದು ಕೇಳಿದರೆ ಯಾರು ಹೌದು ಹೇಳ್ತಾರೆ ಮಾಸ್ಟ್ರೇ? ಕೆಲಸ ಉಂಟು ಅಂತ ಹೇಳಿ ನೋಡಿ” ಎಂದರು.

ಮರುದಿನ ದೊಡ್ಡಮ್ಮನ ಬಾಗಿಲಿನಲ್ಲಿ ಊಟದ ಮಾತೇ ಎತ್ತಲಿಲ್ಲ. ಹೋಟೆಲಿನವರಿಗೆ ಅಡುಗೆ ಹೇಗುಂಟು ಎಂದು ನಿಷ್ಠುರವಾಗಿ ಹೇಳುವ, ಅನುಭವದ ನಾಲಗೆ ಬೇಕಂತೆ, ದಿನಾ ಮಧ್ಯಾಹ್ನ ತಂದುಕೊಡುತ್ತೇನೆ, ತಿಂದು ನೋಡಿ ತಪ್ಪಿದ್ದರೆ ಹೇಳಬೇಕು ಎಂದೆ. ಆಕೆ ನಾನು ತಂದ ಪೊಟ್ಟಣವನ್ನು ಕೈಯಲ್ಲಿ ತೂಗಿ ನೋಡಿದಳು.

“ರುಚಿ ನೋಡ್ಲಿಕ್ಕೆ ಒಂದು ಚಮಚ ಸಾಲದಾ?”

“ಸಾಲದು ದೊಡ್ಡಮ್ಮ. ಹೊಟ್ಟೆ ತುಂಬ ತಿಂದರೆ ಮಾತ್ರ ಸರಿಯಾಗಿ ಗೊತ್ತಾಗುವುದು.”

“ಮತ್ತೆ ಬೇಜಾರು ಮಾಡ್ಬಾರ್ದು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು” ಎಂದು ಪೊಟ್ಟಣ ಬಿಚ್ಚಿದಳು. ಚೊಕ್ಕ ಮಾಡಿ ಉಂಡಳು. ಕೈ ತೊಳೆದು ಬಂದು ವರದಿ ಕೊಟ್ಟಳು: ಸಾರಿಗೆ ಇಂಗು ಜಾಸ್ತಿ.

ಇದನ್ನು ತಮಾಷೆಗೆ ಹೋಟೆಲ್ ಯಜಮಾನರಿಗೆ ಹೇಳಿದ್ದು ನನ್ನ ತಪ್ಪು. ಅವರ ಮುಖ ಕೆಂಪಾಯಿತು. ಗಲ್ಲಾದಲ್ಲಿ ಕೂತು ಕೂದಲು ಬೆಳ್ಳಗಾಯಿತು, ಇದುವರೆಗೆ ಸಾರಿನ ಬಗ್ಗೆ ಒಬ್ಬ ಗಿರಾಕಿ ಸೊಲ್ಲೆತ್ತಿಲ್ಲ ಎಂದರು. ಧರ್ಮಕ್ಕೆ ಕೊಟ್ಟ ಊಟಕ್ಕೆ ದೂರು ಬೇರೆ ಎಂದು ಗೊಣಗುತ್ತಾ ಅಡುಗೆಮನೆಗೆ ಹೋದರು. ಹೊರಗೆ ಬಂದದ್ದು ಸೌಟು ಹಿಡಿದುಕೊಂಡು.

“ಇಂಗು ಸ್ವಲ್ಪ ಜಾಸ್ತಿಯೇ ಉಂಟು ಮಾರಾಯ್ರೆ” ಎಂದರು.

೫. ಪಾಯಸದ ವಿಭಾಗ

ಎರಡನೆಯ ದಿನ ಪಲ್ಯದ ಬೀನ್ಸ್ ದೊಡ್ಡದಾಗಿ ಹೆಚ್ಚಿದ್ದಾರೆ, ಹಲ್ಲಿಲ್ಲದವರು ಎಂತ ಮಾಡುವುದು ಎಂದು ಬಂತು. ಮೂರನೆಯ ದಿನ, ಕುಚ್ಚಲಕ್ಕಿ ಇಲ್ಲದ್ದು ಒಂದು ಊಟವಾ ಎಂದು. ಯಜಮಾನರು ಬೀನ್ಸ್ ಸಣ್ಣ ಮಾಡಿಸಿದರು, ಕುಚ್ಚಲಕ್ಕಿ ಅನ್ನ ಶುರು ಮಾಡಿಸಿದರು. ಅಡುಗೆಯವರು ಕೆಲಸ ಬಿಡುತ್ತೇನೆ ಎಂದು ಎರಡು ಸಲ ಹೆಗಲಿಗೆ ಬೈರಾಸು ಹಾಕಿ ಹೊರಟವರು, ಮೂರನೆಯ ವಾರಕ್ಕೆ ನಾನು ಸ್ಕೂಟರ್ ನಿಲ್ಲಿಸುವ ಮೊದಲೇ ಹಿಂಬಾಗಿಲಿಗೆ ಬಂದು, ದೊಡ್ಡಮ್ಮ ಎಂತ ಹೇಳಿದರು ಎಂದು ಕೇಳತೊಡಗಿದರು. ಮಧ್ಯಾಹ್ನ ಹೋಟೆಲಿನಲ್ಲಿ ಕೂರಲು ಜಾಗ ಸಿಗದಂತಾಯಿತು.

ಓಣಿಯಲ್ಲಿ ಬೇರೆ ಗಲಾಟೆ. ಆಕೆಗೆ ಮಾತ್ರ ನಾಲಗೆ ಇರುವುದಾ ಎಂದು ಹಪ್ಪಳ ಕೊಟ್ಟ ಮುದುಕ ಕೇಳಿದ. ಅವನನ್ನು ಮಜ್ಜಿಗೆಗೆ ನೇಮಿಸಿದೆ. ಇನ್ನೊಬ್ಬಳಿಗೆ ಪಾಯಸದ ವಿಭಾಗ ಕೊಟ್ಟೆ. ಅದಕ್ಕೆ ಹೊಟ್ಟೆಕಿಚ್ಚಾಗಿ, ಚಟ್ನಿಗೆ ನೇಮಕವಾಗಿದ್ದವರು ಎರಡು ದಿನ ಮಾತು ಬಿಟ್ಟರು. ಹತ್ತಿರದ ಬೇಕರಿಯವರೂ, ನಮ್ಮ ಬನ್ನಿನ ಬಗ್ಗೆ ಯಾರೂ ಯಾಕೆ ಏನೂ ಹೇಳುವುದಿಲ್ಲ ಎಂದು ಬೇಸರದಿಂದ ದಿನಾ ಒಂದು ಬುಟ್ಟಿ ಕಳಿಸಿದರು. ಊಟ ಆಗಿದೆ ಎಂದು ಬಾಗಿಲು ಹಾಕಿಕೊಂಡ ಅದೇ ಹತ್ತು ಮನೆಯವರು ಈಗ ಎರಡೂವರೆ ಗಂಟೆಗೆ ಬಾಗಿಲಿನಲ್ಲಿ ನಿಂತು, ಮಾಸ್ಟ್ರು ಡ್ಯೂಟಿಗೆ ತಡ ಮಾಡ್ತಾರೆ ಎಂದು ಬೈಯುತ್ತಿದ್ದರು.

ಹಾಜಿಯವರೂ ಬೋರ್ಡು ಬದಲಿಸಿದರು: ‘ತಿಂದು ನೋಡಿ, ಹೇಗುಂಟು ಎಂದು ಬರೆಯಿರಿ.’ ಪಕ್ಕದಲ್ಲಿ ದಾರ ಕಟ್ಟಿ ಒಂದು ಪುಸ್ತಕ, ಪೆನ್ನು. ಎರಡೇ ದಿನದಲ್ಲಿ ಫ್ರಿಜ್ ಖಾಲಿ. ಪುಸ್ತಕದಲ್ಲಿ ಮೊದಲ ಅಭಿಪ್ರಾಯ ಓದಿ ಹಾಜಿಯವರು ಕುರ್ಚಿಯಲ್ಲಿ ಕೂತುಬಿಟ್ಟರು. ‘ಊಟ ಒಳ್ಳೆಯದಿತ್ತು. ಹೋದ ಸಲ ಇಟ್ಟ ಮಲ್ಲಿಗೆ ಸ್ವಲ್ಪ ಬಾಡಿತ್ತು.’

೬. ಶಾಲು

ಹೀಗೆ ಮೂರು ತಿಂಗಳು. ದೊಡ್ಡಮ್ಮನ ಕೆನ್ನೆ ತುಂಬಿಕೊಂಡಿತು, ಸ್ವರವೂ ಏರಿತು. ದೂರು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಯಜಮಾನರಿಗೆ ಈಗ ಅದೊಂದೇ ಹಠ. ಯಾವ ದಿನ ದೊಡ್ಡಮ್ಮ ಎಲ್ಲ ಸರಿ ಉಂಟು ಎನ್ನುತ್ತಾರೋ ಆ ದಿನ ಅವರನ್ನು ಹೋಟೆಲಿಗೆ ಕರೆಸಿ, ಗಿರಾಕಿಗಳ ಎದುರು ಶಾಲು ಹೊದೆಸುತ್ತೇನೆ ಎಂದರು. ಹಾಜಿಯವರ ಅಂಗಡಿಯಿಂದಲೇ ಒಳ್ಳೆಯ ಶಾಲು ಆರಿಸಿ ತಂದು ಗಲ್ಲಾದ ಮೇಲೆ ಇಟ್ಟುಕೊಂಡರು. ಶಾಲು ತಂದ ಮರುದಿನ ಅಡುಗೆಯವರು ಬೆಳಿಗ್ಗೆಯಿಂದ ಯಾರ ಹತ್ತಿರವೂ ಮಾತಾಡದೆ ಸಾರು ಮಾಡಿದ್ದರು. ನಾನೂ ರುಚಿ ನೋಡಿದೆ. ಅಂಥ ಸಾರನ್ನು ನಮ್ಮ ದೇವಸ್ಥಾನದಲ್ಲೂ ಉಂಡವನಲ್ಲ.

ದೊಡ್ಡಮ್ಮ ಉಂಡು ಕೈ ತೊಳೆದು ಬಂದಳು. ಉಪ್ಪು ಸ್ವಲ್ಪ ಹೆಚ್ಚು ಎಂದಳು.

ನನಗೆ ತಡೆಯಲಿಲ್ಲ. ಶಾಲಿನ ವಿಷಯ ಬಾಯಿಬಿಟ್ಟೆ. ಇವತ್ತು ಒಂದು ದಿನ ಚೆನ್ನಾಗುಂಟು ಎಂದು ಹೇಳಿಬಿಡಿ ದೊಡ್ಡಮ್ಮ, ನಾಲ್ಕು ಜನರೆದುರು ಮರ್ಯಾದೆ ಮಾಡ್ತಾರೆ, ಫೋಟೋ ತೆಗೆದು ಕುವೈಟಿಗೆ ಕಳಿಸುವ ಎಂದೆ. ಆಕೆ ಓಣಿಯ ಆಚೆ ಈಚೆ ನೋಡಿ, ಚಟ್ನಿಯವರೂ ಮಜ್ಜಿಗೆಯವರೂ ಹತ್ತಿರ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

“ಸಾರು ಮೊದಲನೇ ದಿನವೇ ಒಳ್ಳೆಯದಿತ್ತು ಮಾಸ್ಟ್ರೇ.”

“ಮತ್ತೆ ಇಂಗು ಜಾಸ್ತಿ ಅಂದದ್ದು?”

“ಸರಿ ಉಂಟು ಅಂತ ಹೇಳಿದ್ರೆ ನಿಮ್ಮ ಪರೀಕ್ಷೆ ಅಲ್ಲಿಗೇ ಮುಗೀತದಲ್ಲ? ಶಾಲು ಹೊದ್ದುಕೊಂಡು ಬಂದು ನಾಳೆ ಮಧ್ಯಾಹ್ನ ನಾನು ಎಂತ ತಿನ್ನುವುದು?”

ನಾನು ಆಕೆಗೆ ಗೊತ್ತಾಗದ ಹಾಗೆ ಊಟ ಹಾಕುತ್ತಿದ್ದೇನೆ ಎಂದು ಮೂರು ತಿಂಗಳು ಬೀಗಿದ್ದೆ. ನನಗೆ ಗೊತ್ತಾಗದ ಹಾಗೆ ಉಣ್ಣುತ್ತಿದ್ದದ್ದು ಆಕೆ. ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಊಟ ನಿಲ್ಲುವುದಿಲ್ಲ ದೊಡ್ಡಮ್ಮ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ನಾಳೆಯಿಂದ ಅದು ಧರ್ಮದ ಊಟವಾಗುತ್ತದೆ, ಧರ್ಮದ ಊಟಕ್ಕೆ ಆಕೆಯ ಉತ್ತರ ನನಗೆ ಗೊತ್ತೇ ಇತ್ತು. ಬಾಯಿ ಮುಚ್ಚಿಕೊಂಡು ಸ್ಕೂಟರ್ ಹತ್ತಿದೆ.

ಹೋಟೆಲಿನಲ್ಲಿ ಯಜಮಾನರು ಶಾಲಿನ ಪೊಟ್ಟಣ ಬಿಚ್ಚಿ, ಮಡಿಕೆ ಸರಿ ಮಾಡಿ ಕಾಯುತ್ತಿದ್ದರು. ಅಡುಗೆಯವರು ಬಾಗಿಲಿನಲ್ಲಿ ನಿಂತಿದ್ದರು.

“ಎಂತ ಹೇಳಿದರು?”

“ಉಪ್ಪು ಸ್ವಲ್ಪ ಹೆಚ್ಚಂತೆ” ಎಂದೆ.

ಯಜಮಾನರು ಸೌಟು ತರಿಸಿದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಅಡುಗೆಯವರೂ ಕುಡಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಹೌದು ಮಾಸ್ಟ್ರೇ, ನನಗೂ ಬೆಳಿಗ್ಗೆಯಿಂದ ಹಾಗೇ ಅನ್ನಿಸ್ತಾ ಇತ್ತು” ಎಂದು ಯಜಮಾನರು ಶಾಲನ್ನು ಮೊದಲಿನಂತೆ ಮಡಚಿ ಒಳಗಿಟ್ಟರು.