ನನ್ನವಳು ಮೆಚ್ಚದ ತಿಂಡಿಗಳು

ನಮ್ಮ ಮನೆ ಒಲೆಗೆ ಒಂದು ಗುಣ ಐತೆ. ಮೇಲೆ ಏನೇ ಇಟ್ಟರೂ ತಿಂಡಿ ಬೇಯೋಕೆ ಮುಂಚೆ ಒಂದು ಫಜೀತಿ ಬೆಂದಿರುತ್ತೆ. ಮನೆ ತುಂಬ ದುಃಖ ಇದ್ದ ಕಾಲದಲ್ಲೂ ಅದು ತನ್ನ ಗುಣ ಬಿಡಲಿಲ್ಲ. ಹೇಳೋನು ನಾನು, ಬರೆಯೋಳು ಮೊಮ್ಮಗಳು. ತಪ್ಪಿದ್ದರೆ ಅವಳದ್ದು.

ಎಮ್ಮೆಯ ಪಥ್ಯ

ನಾನು ಮದುವೆಮನೆ ಅಡುಗೆಯವನು. ಕಣಕಟ್ಟೆಯಿಂದ ಬೇಲೂರಿನವರೆಗೆ ನನ್ನ ಕೈಯ ಕೊಬ್ಬರಿ ಮಿಠಾಯಿ ತಿನ್ನದ ಬಾಯಿಲ್ಲ. ಅರಸೀಕೆರೆ ಸ್ಟೇಷನ್ ಹತ್ತಿರದ ಛತ್ರದಲ್ಲಿ ಒಮ್ಮೆ ಬೆಲ್ಲದ ಪಾಕ ಇಟ್ಟಿದ್ದೆ. ಆ ಘಮಕ್ಕೆ ಹೊರಟಿದ್ದ ರೈಲೇ ನಿಂತುಬಿಟ್ಟಿತು. ಸಿಗ್ನಲ್ ಇರಲಿಲ್ಲ, ಅದಕ್ಕೆ ನಿಂತಿದ್ದು ಅಂತಾರೆ ಕೆಲವರು. ಹೊಟ್ಟೆಕಿಚ್ಚು.

ಅಂಥವನ ಹೆಂಡತಿಗೆ ಸಕ್ಕರೆ ಕಾಯಿಲೆ ಬಂತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದಿನೇ ದಿನೇ ಇಳಿದುಹೋದಳು. ಕೈ ಎತ್ತಿದರೆ ಬಳೆ ಮೊಣಕೈಗೆ ಜಾರೋವು. ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸೋಳು. ಊರಿಗೆಲ್ಲ ಉಣ್ಣಿಸಿದವನು ನಾನು. ಅವಳು ಆಸೆಪಟ್ಟು ಒಂದೇ ಒಂದು ತಿಂಡಿ ಪೂರಾ ತಿನ್ನಲಿ ಅನ್ನೋದು ಬಿಟ್ಟರೆ ನನಗೆ ಬೇರೆ ಚಿಂತೆ ಇರಲಿಲ್ಲ.

ಅರಸೀಕೆರೆ ಡಾಕ್ಟರು, "ಸಿಹಿ ಬೇಡ, ಬಾಳೆಹಣ್ಣು ಬೇಡ, ಅನ್ನ ಕಮ್ಮಿ ಮಾಡಿ" ಅಂದರು.

"ಮತ್ತೆ ಏನ್ ತಿನ್ಲಿ ಸ್ವಾಮಿ?"

"ಹುರುಳಿಕಾಳು, ರಾಗಿ, ಸೊಪ್ಪು, ಜರಡಿ ಹಿಡೀದ ಹಿಟ್ಟು."

ಅವಳು ಸೆರಗು ಸರಿಮಾಡಿಕೊಂಡು ಎದ್ದಳು. "ನಡೀರಿ ಹೋಗಾನ. ಇದನ್ನೇ ನಮ್ಮ ಎಮ್ಮೆ ಫೀಸು ಕೊಡ್ದೆ ತಿಂತಾ ಐತೆ."

ಉಂಡೆಯ ಗಣಪತಿ

ನಮ್ಮ ಸೊಸೆ ಮಾದಿಹಳ್ಳಿ ಕಡೆಯವಳು, ಅಂಗನವಾಡಿ ಟೀಚರ್. "ಮಾವ, ಅತ್ತೆ ಒಬ್ರಿಗೇ ಪಥ್ಯ ಅಂದ್ರೆ ಅವ್ರಿಗೆ ಬೇಜಾರಾಗುತ್ತೆ. ಇನ್ಮೇಲೆ ಮನೆಮಂದಿಗೆಲ್ಲ ಅದೇ ತಿಂಡಿ" ಅಂದಳು. ಮಾತೇನೋ ಒಳ್ಳೇದೇ. ಬೆಲ್ಲ ಇಲ್ಲ, ತುಪ್ಪ ಇಲ್ಲ. ಹುರಿದ ರಾಗಿಹಿಟ್ಟಿಗೆ ಎಳ್ಳು, ಕಡಲೆಕಾಯಿ ಕುಟ್ಟಿ ಹಾಕಿ ಉಂಡೆ ಕಟ್ಟಬೇಕು. ಪಾಕವಿಲ್ಲದೆ ಉಂಡೆ ನಿಲ್ಲೋದು ಹೆಂಗೆ? ನಾನು ಸೋಲೋನಲ್ಲ. ಬಾಣಂತಿಯರ ಉಂಡೆಗೆ ತುಪ್ಪದಲ್ಲಿ ಹುರಿದು ಹಾಕೋ ಅಂಟನ್ನು ನೀರಲ್ಲಿ ನೆನೆಸಿ ಕಲಸಿಬಿಟ್ಟೆ.

ಕಟ್ಟುವಾಗ ಬೆಣ್ಣೆ ಬೆಣ್ಣೆ. ಮಾರನೇ ದಿನ ಅವಳು ಒಂದನ್ನು ಕಚ್ಚಿದಳು, ಹಲ್ಲು ಮುಟ್ಟಿ ನೋಡಿಕೊಂಡಳು, ವಾಪಸ್ ಡಬ್ಬಿಗೆ ಇಟ್ಟಳು. ಬೈದಿದ್ದರೂ ಅಷ್ಟು ಸಂಕಟ ಆಗ್ತಿರಲಿಲ್ಲ.

ಅವಳ ತಮ್ಮ ಹಳೇಬೀಡಿನಲ್ಲಿ ಬಳಪದ ಕಲ್ಲಿನಲ್ಲಿ ಸಣ್ಣ ಸಣ್ಣ ಗಣಪತಿ ಕೆತ್ತಿ ಪ್ರವಾಸಿಗರಿಗೆ ಮಾರುತ್ತಿದ್ದ. ಅಕ್ಕನನ್ನು ನೋಡೋಕೆ ಬಂದವನ ಕೈಗೆ ಉಂಡೆ ಕೊಟ್ಟೆ. ತಿರುಗಿಸಿ ನೋಡಿದ, ಉಗುರಲ್ಲಿ ಗೀರಿದ.

"ಭಾವ, ನಮ್ಮ ಕಲ್ಲೂ ಹಿಂಗೇ ಕಣಯ್ಯ. ನೆಲದಿಂದ ತೆಗೆದಾಗ ಮೆತ್ತಗೆ, ಗಾಳಿ ತಾಗಿದ್ರೆ ಗಟ್ಟಿ. ಹಸೀದಿದ್ದಾಗಲೇ ಕರೀಬಾರ್ದಾ, ಕೆತ್ತಿಬಿಡ್ತಿದ್ದೆ!"

ಹಾಗಂದರೂ ಒಂದನ್ನು ಜೇಬಿಗೆ ಹಾಕಿಕೊಂಡು ಹೋದ. ಯಾವ ಪ್ರವಾಸಿಗೆ ಮಾರಿದನೋ, ಅದು ಈಗ ಯಾವುದೋ ದೇಶದಲ್ಲಿ ಕೂತು ಪೂಜೆ ಮಾಡಿಸಿಕೊಳ್ತಾ ಐತೆ. ಗಣಪತಿ ಕೈಯಲ್ಲಿ ಉಂಡೆ ಇರೋದು ಎಲ್ಲರೂ ಕಂಡಿದ್ದಾರೆ. ಉಂಡೆಯೇ ಗಣಪತಿಯಾಗಿದ್ದು ನನ್ನ ಕೈಗುಣ.

ಜಗಲಿ ಮೇಲಿನ ಪಂದ್ಯ

ಆಮೇಲೆ ನುಗ್ಗೆಸೊಪ್ಪು ಹಾಕಿ, ಎಣ್ಣೆಗೆ ಬಿಡದೆ, ಕಾವಲಿ ಮೇಲೆ ನಿಪ್ಪಟ್ಟು ಸುಟ್ಟೆ. ಸುದ್ದಿ ಹಬ್ಬಿ, ಬೀದಿಯಲ್ಲಿ ಸಕ್ಕರೆ ಕಾಯಿಲೆ ಇದ್ದವರೆಲ್ಲ ಸಂಜೆ ನಮ್ಮ ಜಗಲಿಗೆ ಬಂದು ಕೂರೋರು. ಅವರು ಕುರುಕುರು ತಿನ್ನೋರು, ನನ್ನವಳು ಗೋಡೆಗೊರಗಿ ನೋಡೋಳು.

ಬಂದವರ ಮಾತೆಲ್ಲ ಒಂದೇ, ಯಾರ ರಕ್ತದಲ್ಲಿ ಸಕ್ಕರೆ ಎಷ್ಟು ಅಂತ. "ನಂದು ಇನ್ನೂರೈವತ್ತು."

"ಅಷ್ಟೇನಾ? ನಂದು ಮುನ್ನೂರ ಎಂಬತ್ತು! ಡಾಕ್ಟ್ರು ಕುರ್ಚಿ ಬಿಟ್ಟು ಎದ್ದೇ ನಿಂತ್ರು."

ಜನ್ಮದಲ್ಲಿ ಯಾರಿಗೂ ಎರಡನೆಯವನಾದವನಲ್ಲ ನಾನು. ಹೋಗಿ ಪರೀಕ್ಷೆಗೆ ರಕ್ತ ಕೊಟ್ಟುಬಂದೆ. ಸಂಜೆ ಎಲ್ಲರೂ ಸುತ್ತ ಕೂತು, "ಎಷ್ಟು ಬಂತಣ್ಣ?" ಅಂದರು.

"ತೊಂಬತ್ತು."

ಹಿಟ್ಟಿನ ಗಿರಣಿಯವನು ನನ್ನ ಬೆನ್ನು ಸವರಿದ. "ಬೇಜಾರ್ ಮಾಡ್ಕೋಬೇಡ. ನಿಂಗೂ ಬತ್ತದೆ. ಎಲ್ರಿಗೂ ಒಂದೇ ಸಲ ಒಲಿಯಕಿಲ್ಲ."

ಅವಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದು. ನಿಪ್ಪಟ್ಟು ಮಾತ್ರ ಮುಟ್ಟಲಿಲ್ಲ.

ಬಾಗಿಲು ಮುಚ್ಚಿದ ಎಡೆ

ಮುಂದಿನ ಬೇಸಿಗೆಯಲ್ಲಿ ಅವಳು ಹೋದಳು. ಒಂದು ತಿಂಡಿಯನ್ನೂ ಪೂರಾ ತಿನ್ನದೆ ಹೋದಳು.

ವರ್ಷ ತುಂಬಿದ ಮೇಲೆ ಪಿತೃಪಕ್ಷ ಬಂತು. ನಮ್ಮಲ್ಲಿ ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಾಳೆಲೆ ಮೇಲೆ ಎಡೆ ಇಟ್ಟು, ಬಾಗಿಲು ಮುಚ್ಚಿ, ಹೊರಗೆ ನಿಲ್ಲೋದು. ಅವರು ಬಂದು ಉಂಡು ಹೋಗಲಿ ಅಂತ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗೋದು.

ನಾನು ಕಾಯಿಹೋಳಿಗೆ ಮಾಡಿದೆ. ಸೊಸೆ ತನ್ನ ಸಪ್ಪೆ ರಾಗಿ ಉಂಡೆ ಹಿಡಿದು ಅಡ್ಡ ನಿಂತಳು.

"ಮಾವ, ಅತ್ತೆಗೆ ಸಿಹಿ ಆಗ್ತಿರ್ಲಿಲ್ಲ."

"ಸತ್ತ ಮೇಲೆ ಎಂಥಾ ಸಕ್ಕರೆ ಕಾಯಿಲೆ ಕಣವ್ವಾ?"

"ಸತ್ತ ಮೇಲೂ ಹಸಿವು ಇರೋದಾದ್ರೆ ಕಾಯಿಲೆ ಯಾಕಿರಲ್ಲ?"

ಓದಿದವರ ಹತ್ತಿರ ವಾದ ಮಾಡಬಾರದು. ಕೊನೆಗೆ ರಾಜಿ ಆಯ್ತು. ಎಲೆಯ ಒಂದು ಕಡೆ ಉಂಡೆ, ಒಂದು ಕಡೆ ಹೋಳಿಗೆ. ಹೋಳಿಗೆ ಇಟ್ಟ ತಪ್ಪಿಗೆ ಪಕ್ಕದಲ್ಲಿ ಒಂದು ಸಕ್ಕರೆ ಕಾಯಿಲೆ ಮಾತ್ರೆ, ಒಂದು ಲೋಟ ನೀರು. ಅತ್ತೆ ಬದುಕಿದ್ದಾಗ ಅದೊಂದು ಮಾತ್ರೆ ನುಂಗಿಸೋಕೆ ಸೊಸೆ ದಿನಾ ಹಿಂದೆ ಹಿಂದೆ ಓಡಾಡಿ, ಗೋಗರೆದು, ಅತ್ತು ಸಾಕಾಗಿದ್ದಳು.

ಬಾಗಿಲು ಮುಚ್ಚಿದೆವು. ನಾನು ಕಣ್ಣುಮುಚ್ಚಿ, "ಈ ಸಲನಾದ್ರೂ ತಿನ್ನೇ" ಅಂತ ಬೇಡಿಕೊಂಡೆ. ಒಳಗೆ ಎಲೆ ಸರಿದ ಸದ್ದಾಯ್ತು. ಆಮೇಲೆ ಲೊಚ್ಚ ಲೊಚ್ಚ ಅಂತ ಚಪ್ಪರಿಸೋ ಸದ್ದು.

ಬಾಗಿಲು ತಟ್ಟಿ, ತೆಗೆದೆವು. ಹೋಳಿಗೆ ಒಂದು ಚೂರೂ ಉಳಿದಿಲ್ಲ. ಉಂಡೆ ಇಟ್ಟಂಗೇ ಐತೆ. ಮಗ ತೆರೆದ ಕಿಟಕಿ ನೋಡಿ, "ಅಪ್ಪಾ, ಬೆಕ್ಕು..." ಅಂದ. ದುರುಗುಟ್ಟಿ ನೋಡಿದೆ.

ಸೊಸೆ ಎಲೆ ಮುಂದೆ ಕುಕ್ಕರಿಸಿ, ಮಾತ್ರೆ ಎತ್ತಿ ಹಿಡಿದು, ಗೊಳೋ ಅಂತ ಅತ್ತಳು.

"ನೋಡಿ ಮಾವ, ಹೋಳಿಗೆ ಅಷ್ಟೂ ತಿಂದವ್ರೆ! ಮಾತ್ರೆ ಮಾತ್ರ ಇವತ್ತೂ ಬಿಟ್ಟು ಎದ್ದೋಗವ್ರೆ!"